ಅಮ್ಮನ ಮೆಷಿನ್, ಅಪ್ಪನ ನೀರುಕಾಗೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ತಪ್ಪಿರಬಹುದು. ಹೊಲಿಗೆ ಮೆಷಿನ್ ಮೇಲೆ ಅಪ್ಪ ಎಳೆದ ಸೀಮೆಸುಣ್ಣದ ಗೀಟು ಯಾವ ಬಣ್ಣದ್ದು ಎಂಬುದನ್ನೇ ತೆಗೆದುಕೊಳ್ಳಿ. ನಾನು ಎಂ.ಎಸ್ಸಿ. ಓದುವಾಗ ಬರೆದ ದಿನಚರಿಯಲ್ಲಿ ಅದು ಬಿಳಿ. ನಲವತ್ತು ದಾಟಿದ ಮೇಲಿನ ಇನ್ನೊಂದು ದಿನಚರಿಯಲ್ಲಿ ಅದೇ ಗೀಟು ನೀಲಿಯಾಗಿದೆ, ಅದೂ ಅಮ್ಮ ಬಟ್ಟೆಯ ಮೇಲೆ ಗುರುತು ಹಾಕಲು ಇಟ್ಟುಕೊಂಡಿದ್ದ ಚಪ್ಪಟೆ ಸೀಮೆಸುಣ್ಣದ ನೀಲಿ. ನಡುವಿನ ವರ್ಷಗಳಲ್ಲಿ ಯಾರೂ ಬಂದು ನನಗೆ ಹೊಸದೇನನ್ನೂ ಹೇಳಿರಲಿಲ್ಲ. ಆ ಹೊತ್ತಿಗೆ ಅಪ್ಪನ ಮೇಲಿನ ಸಿಟ್ಟು ನನ್ನಲ್ಲಿ ಗಟ್ಟಿಯಾಗಿತ್ತು. ಅಮ್ಮನದೇ ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟರೆ ತಪ್ಪು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆಂದು ನಾನೇ ಬಣ್ಣ ಬದಲಿಸಿರಬೇಕು. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು ನಾನು. ಅಳೆಯುವವನ ಆಸೆ ಅಳತೆಯೊಳಗೆ ಹೇಗೆ ನುಸುಳುತ್ತದೆಂದು ಪ್ರತಿ ವರ್ಷವೂ ಹೊಸ ಹುಡುಗಿಯರಿಗೆ ಹೇಳಿಕೊಟ್ಟಿದ್ದೇನೆ. ಹಾಗಾಗಿ ಓದುವವರು ನನ್ನ ಬಣ್ಣಗಳನ್ನು ನಂಬಬೇಕಾಗಿಲ್ಲ. ಗೀಟು ಇತ್ತು, ನಾನು ನೋಡಿದ್ದೆ, ಅಳಿಸಲಿಲ್ಲ. ಇಷ್ಟನ್ನು ನಂಬಬಹುದು.

ಇದನ್ನೆಲ್ಲ ಈಗ ಕೆದಕಲು ಕಾರಣ, ಎರಡು ತಿಂಗಳಿಂದ ನನ್ನ ಮೇಜಿನ ಮೇಲೆ ಬಿದ್ದಿರುವ ಒಂದು ಕಾಗದ. ಗುಜರಿ ಸಾಮಾನಿನಿಂದ ಅಪ್ಪ ಮಾಡಿದ ಹನ್ನೊಂದು ಹಕ್ಕಿಗಳನ್ನು ಊರಿನ ಒಂದು ಕಲಾಶಾಲೆಯವರು ಕಾಯಂ ಆಗಿ ಪ್ರದರ್ಶನಕ್ಕೆ ಇಡುತ್ತಿದ್ದಾರೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು, ಅಮ್ಮ ಅದಕ್ಕೂ ಮೊದಲೇ ಹೋದಳು. ಹಾಗಾಗಿ ಪ್ರತಿ ಹಕ್ಕಿಯ ಕೆಳಗೆ ಅಂಟಿಸುವ ವಿವರ ಸರಿಯಿದೆಯೆಂದು ಹಿರಿಯ ಮಗಳಾದ ನಾನು ಸಹಿ ಹಾಕಬೇಕು. ಹತ್ತಕ್ಕೆ ಹಾಕಿದ್ದೇನೆ. ಹನ್ನೊಂದನೆಯದು ಹೀಗಿದೆ: ‘ರೆಕ್ಕೆ ಒಣಗಿಸುತ್ತಿರುವ ನೀರುಕಾಗೆ. ಎಸೆದ ಹೊಲಿಗೆ ಯಂತ್ರ, ಎಸೆದ ಕೊಡೆಯ ಕಡ್ಡಿಗಳು, ಕಬ್ಬಿಣದ ಸರಳು.’ ಕಾಗದ ತಂದುಕೊಟ್ಟ ಹುಡುಗಿ ಒಳ್ಳೆಯವಳು, ಅಪ್ಪನ ಬಗ್ಗೆ ನನಗಿಂತ ಹೆಚ್ಚು ಓದಿಕೊಂಡಿದ್ದಳು.

“ಮ್ಯಾಮ್, ಸರ್‌ದು ಇಡೀ ಫಿಲಾಸಫಿನೇ ಇದಲ್ವಾ, ಜನ ಬೇಡ ಅಂತ ಬಿಟ್ಟಿದ್ದಕ್ಕೆ ಜೀವ ಕೊಡೋದು. ನೀವೊಂದು ಸೈನ್ ಹಾಕ್ಬಿಟ್ರೆ ಪ್ರಿಂಟಿಗೆ ಹೋಗತ್ತೆ.”

“ಎಸೆದ ಅಂತ ಯಾರು ಹೇಳಿದ್ದಮ್ಮ?” ಎಂದೆ.

“ಸರ್ರೇ ಹೇಳಿದಾರಲ್ಲ ಮ್ಯಾಮ್, ಇಂಟರ್‌ವ್ಯೂನಲ್ಲಿ.”

ಹೌದು, ಹೇಳಿದ್ದರು. ಅಮ್ಮ ಬದುಕಿದ್ದಾಗಲೇ, ಅವಳು ಒಳಗಿನಿಂದ ಕಾಫಿ ತಂದಿಟ್ಟು ಹೋದ ಮೇಲೆ ಹೇಳಿದ್ದರು.

ನಮ್ಮ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ಮುಂಬಾಗಿಲಲ್ಲಿ ನಿಂತವರಿಗೆ ಹಜಾರ, ನಡುಮನೆ, ಅಡುಗೆಮನೆ ಎಲ್ಲವನ್ನೂ ದಾಟಿ ಹಿತ್ತಲಿನ ಸೀಬೆಮರ ಕಾಣುವಷ್ಟು ನೇರವಾದ, ಅಗಲವಿಲ್ಲದ ಮನೆ. ಬಳೇಪೇಟೆಯಲ್ಲಿ ತಾತನದೊಂದು ಕಬ್ಬಿಣದ ಸಾಮಾನಿನ ಅಂಗಡಿಯಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಅದು ದೊಡ್ಡಪ್ಪನ ಪಾಲಿಗೆ ಹೋಗಿತ್ತು. ಅಪ್ಪನಿಗೆ ಉಳಿದದ್ದು ಕಬ್ಬಿಣದ ಮೋಹ ಮಾತ್ರ. ಅವರು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ಎಂಟು ವರ್ಷದ ನಾನು. ಬೆಳಿಗ್ಗೆ ಅಜ್ಜಿ ವಿಭೂತಿ ಧರಿಸಿ ಲಿಂಗಪೂಜೆಗೆ ಕೂತರೆ ನಡುಮನೆ ಅವಳದು, ಯಾರೂ ಜೋರಾಗಿ ಮಾತನಾಡುವಂತಿರಲಿಲ್ಲ. ಸೀಬೆಮರದ ಕೆಳಗಿನ ಜಿಂಕ್ ಶೀಟಿನ ಚಪ್ಪರ ಅಪ್ಪನದು. ಹಜಾರದ ಕಿಟಕಿಯ ಪಕ್ಕ ಮೆಷಿನ್ ಇದ್ದ ಜಾಗ ಅಮ್ಮನದು. ನನ್ನದು ಎಂಬ ಜಾಗ ಇರಲಿಲ್ಲ, ಆಗ ಬೇಕೆಂದೂ ಅನಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಕೆಂಪಾಂಬುಧಿ ಕೆರೆಗೆ ಹೋಗುತ್ತಿದ್ದರು. ಅಲ್ಲಿ ಬೆಳ್ಳಕ್ಕಿಗಳಿದ್ದವು, ಮಿಂಚುಳ್ಳಿಯಿತ್ತು, ನೀರಿನ ನಡುವಿನ ಒಣ ಕೊಂಬೆಯ ಮೇಲೆ ಕಪ್ಪು ನೀರುಕಾಗೆಗಳು ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡು ಅಲುಗಾಡದೆ ನಿಂತಿರುತ್ತಿದ್ದವು. ಒಂದು ಬದಿಯಿಂದ ಚರಂಡಿ ನೀರು ಕೆರೆಗೆ ಸೇರುವುದು ಆಗಲೇ ಶುರುವಾಗಿತ್ತು. ಅಪ್ಪ ದಡದಲ್ಲಿ ಬಿದ್ದಿದ್ದ ಸೈಕಲ್ ಕಡ್ಡಿ, ತುಕ್ಕು ಹಿಡಿದ ಡಬ್ಬಿ, ಮುರಿದ ಬೀಗ ಎಲ್ಲವನ್ನೂ ಆರಿಸಿ ಗೋಣಿಚೀಲಕ್ಕೆ ಹಾಕಿಕೊಳ್ಳುತ್ತ, “ನಾವು ಕೆರೆಗೆ ಕೊಟ್ಟ ಕಸಾನ ಹಕ್ಕಿ ಮಾಡಿ ವಾಪಸ್ ಕೊಡಣ, ಏನಂತೀಯ ಉಮಿ?” ಎನ್ನುತ್ತಿದ್ದರು. ಅವರ ಮೊದಲ ಹಕ್ಕಿಗಳೆಲ್ಲ ನಿಜವಾಗಿಯೂ ಆ ಕಸದಿಂದಲೇ ಹುಟ್ಟಿದವು. ಇದನ್ನು ಬರೆಯದೆ ಹೋದರೆ ಅನ್ಯಾಯವಾಗುತ್ತದೆ. ಡಬ್ಬಿಯ ತಗಡು ಮಿಂಚುಳ್ಳಿಯ ರೆಕ್ಕೆಯಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ದಿನ ಇಡೀ ಬೀದಿಯಲ್ಲಿ ನನ್ನಪ್ಪನಂಥವರು ಇನ್ನೊಬ್ಬರಿಲ್ಲ ಎಂದುಕೊಂಡಿದ್ದೇನೆ. ಈಗಲೂ ಹಾಗೆ ಅಂದುಕೊಳ್ಳಲು ಆಸೆಯಾಗುತ್ತದೆ.

ಆದರೆ ಕೆರೆಯ ದಡದಲ್ಲಿ ಬೇಕೆಂದ ಆಕಾರ ಬೇಕೆಂದ ದಿನ ಸಿಗುವುದಿಲ್ಲ. ಅಪ್ಪ ಮನೆಯೊಳಗೆ ಹುಡುಕತೊಡಗಿದರು. ಅದಕ್ಕೊಂದು ಕಾನೂನನ್ನೂ ಮಾಡಿದರು. ಬಳಸದೆ ಇಟ್ಟ ವಸ್ತು ಸತ್ತ ವಸ್ತು, ಮನೆಯಲ್ಲಿ ಸತ್ತದ್ದನ್ನು ಇಟ್ಟುಕೊಳ್ಳಬಾರದು. ಯಾವುದು ಬಳಕೆಯಲ್ಲಿಲ್ಲ ಎನಿಸುತ್ತದೋ ಅದರ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದರು. ಯಾರಾದರೂ ಅದನ್ನು ಮುಟ್ಟಿ ಬಳಸಿದರೆ ಗೀಟು ತಾನಾಗಿ ಅಳಿಸಿಹೋಗುತ್ತದೆ. ಮೂರು ಅಮಾವಾಸ್ಯೆ ಕಳೆದರೂ ಗೀಟು ಹಾಗೇ ಉಳಿದಿದ್ದರೆ ವಸ್ತು ಹಿತ್ತಲಿಗೆ. ಕೇಳಿದವರಿಗೆ ಇದು ಬಹಳ ನ್ಯಾಯವಾದ ಏರ್ಪಾಟೆಂದು ತೋರುತ್ತಿತ್ತು. ಬಂದ ನೆಂಟರು ಮೆಚ್ಚಿಕೊಂಡು ಹೋಗುತ್ತಿದ್ದರು.

ಮೊದಲು ಹೋದದ್ದು ಅಜ್ಜಿಯ ಅಡಕತ್ತರಿ. ಹಲ್ಲು ನೋವೆಂದು ಎಲೆ ಅಡಿಕೆ ಬಿಟ್ಟಿದ್ದ ಅಜ್ಜಿ, ನೋವು ಹೋದ ಮೇಲೆ ಹುಡುಕಿದರೆ ಅದು ಹಿತ್ತಲಿನಲ್ಲಿ ಹದ್ದಿನ ಕೊಕ್ಕಾಗಿ ಕೂತಿತ್ತು. “ನಾನೂ ಮೂರು ತಿಂಗಳು ಹಾಸಿಗೆ ಹಿಡಿದ್ರೆ ನನ್ ಹಣೆ ಮೇಲೂ ಗೀಟು ಎಳೀತೀಯೇನೋ ಸಿದ್ದು?” ಎಂದು ಅಜ್ಜಿ ಕೂಗಿದಳು. ಅಪ್ಪ ನಕ್ಕರು, ನಾವೂ ನಕ್ಕೆವು. ಆ ದಿನದಿಂದ ಅಜ್ಜಿ ಸಂಜೆ ದೀಪ ಹಚ್ಚಿದ ಮೇಲೆ ಕೈಯಲ್ಲೊಂದು ಒರೆಸುಬಟ್ಟೆ ಹಿಡಿದು ಮನೆಯೆಲ್ಲ ತಿರುಗುತ್ತಿದ್ದಳು. ಧೂಳು ಒರೆಸುವುದು ನೆಪ. ಒರಳುಕಲ್ಲು, ಹಳೆಯ ಬೀಸಣಿಗೆ, ತಾತನ ಊರುಗೋಲು, ತಳ ಸವೆದ ಕೊಳಗ, ಎಲ್ಲವನ್ನೂ ಒಂದೊಂದು ಸಲ ಮುಟ್ಟಿ ಬರುತ್ತಿದ್ದಳು. ಶಾವಿಗೆ ಒರಳಿನದು ಮಾತ್ರ ಬೇರೆ ಕಥೆ. ಅದು ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವಂಥದ್ದು, ಅಟ್ಟ ಹತ್ತಿ ಒರೆಸಲು ಅಜ್ಜಿಯ ಮಂಡಿ ಒಪ್ಪುತ್ತಿರಲಿಲ್ಲ. ಹಾಗಾಗಿ ಮೂರನೆಯ ಅಮಾವಾಸ್ಯೆ ಹತ್ತಿರವಾದಾಗಲೆಲ್ಲ, ಹಬ್ಬವಿರಲಿ ಬಿಡಲಿ, ನಮ್ಮ ಮನೆಯಲ್ಲಿ ಶಾವಿಗೆ. ಅಮ್ಮ ಒರಳನ್ನು ಇಳಿಸಿ ತೊಳೆಯುತ್ತಿದ್ದಳು, ಅಜ್ಜಿ ಅಕ್ಕಿಹಿಟ್ಟಿನ ಉಂಡೆ ಬೇಯಿಸುತ್ತಿದ್ದಳು, ಇಬ್ಬರೂ ಸೇರಿ ಹಿಡಿಯ ಮೇಲೆ ಭಾರ ಹಾಕಿ ಒತ್ತುತ್ತಿದ್ದರು.

“ಇವತ್ತೇನಜ್ಜೀ ಹಬ್ಬ?”

“ಒರಳಿನ ಹಬ್ಬ. ತಿನ್ನು ಸುಮ್ನೆ.”

“ಅವ್ವಾ, ಶಾವಿಗೆ ಬಹಳ ಚೆನ್ನಾಗಾಗಿದೆ,” ಎನ್ನುತ್ತಿದ್ದರು ಅಪ್ಪ, ಕಾಯಿಹಾಲು ಸುರಿದುಕೊಳ್ಳುತ್ತ.

“ಆಗ್ದೇ ಏನು. ನಿನ್ನ ಗೀಟು ಸೇರ್ಸಿ ಒತ್ತಿದೀನಿ.”

ಅಮ್ಮ ನಗುತ್ತಿರಲಿಲ್ಲ. ಅವಳ ಸಿಟ್ಟು ಒಂದು ಸಲ ಮಾತ್ರ ಬಾಯಿಗೆ ಬಂದದ್ದು ನೆನಪಿದೆ. ಬೇಸಿಗೆಯಲ್ಲಿ ಬಾಗಿಲ ಹಿಂದೆ ತೂಗುಹಾಕಿದ್ದ ಅವಳ ಕೊಡೆಯ ಹಿಡಿಯ ಮೇಲೆ ಅಪ್ಪ ಗೀಟು ಎಳೆದಿದ್ದರು.

“ಮಳೆ ಇಲ್ದಿದ್ರೆ ಕೊಡೆ ಸತ್ತೋಯ್ತೇನ್ರೀ? ಬೇಸಿಗೇಲಿ ಯಾರು ಹಿಡೀತಾರೆ?”

“ಅದಕ್ಯಾಕೆ ಅಷ್ಟು ಕೋಪ ಶಾಂತ? ಒಂದ್ಸಲ ಬಿಚ್ಚಿ ಮಡಚಿಡು. ನಾನು ಕೇಳೋದು ಅಷ್ಟೇ.”

“ಬಿಚ್ಚಲ್ಲ. ನನ್ ಸಾಮಾನು ನಂದು ಅಂತ ಮೂರು ತಿಂಗಳಿಗೊಂದ್ಸಲ ನಿಮಗೆ ಸಾಬೀತು ಮಾಡ್ತಾ ಕೂರ್ಬೇಕಾ ನಾನು?”

ಬಿಚ್ಚಲಿಲ್ಲ. ಮಳೆಗಾಲಕ್ಕೆ ಮೊದಲೇ ಮೂರು ಅಮಾವಾಸ್ಯೆ ಮುಗಿಯಿತು, ಕೊಡೆ ಹಿತ್ತಲಿಗೆ ಹೋಯಿತು. ಆ ಮಳೆಗಾಲ ಅಮ್ಮ ಸೆರಗು ಹೊದ್ದು ಅಂಗಡಿಗೆ ಹೋಗಿ ಬಂದಳು. ಅಪ್ಪ ಹೊಸ ಕೊಡೆ ತರುತ್ತೇನೆಂದರೂ ಬೇಡವೆಂದಳು. ಅವಳ ಹಠದ ಬಗ್ಗೆ ನನಗೆ ಆಗ ಬೇಸರವಾಗಿತ್ತು. ಒಂದು ಸಲ ಬಿಚ್ಚಿ ಮಡಚಲು ಏನು ಕಷ್ಟ ಎಂದು ನಾನೂ ಅಪ್ಪನ ಹಾಗೆಯೇ ಯೋಚಿಸಿದ್ದೆ.

ಮೆಷಿನ್ನಿನ ಮೇಲೆ ಅಲ್ಲಿಯವರೆಗೆ ಗೀಟು ಬಿದ್ದಿರಲಿಲ್ಲ, ಬೀಳುವ ಹಾಗೂ ಇರಲಿಲ್ಲ. ಅದು ದಿನವೂ ಓಡುತ್ತಿತ್ತು. ಮದುವೆಗೆ ಮೊದಲು ಅಮ್ಮ ಮಲ್ಲೇಶ್ವರದಲ್ಲಿ ಹೊಲಿಗೆ ಕಲಿತು ಪರೀಕ್ಷೆ ಪಾಸಾಗಿದ್ದಳು. ತವರಿನಿಂದ ಅವಳ ಜೊತೆಗೆ ಆ ಕಾಲುಮೆಷಿನ್ ಕೈಗಾಡಿಯ ಮೇಲೆ ಚಾಮರಾಜಪೇಟೆಗೆ ಬಂದಿತ್ತು. ಕಪ್ಪು ಮೈ, ಮೇಲೆ ಬಂಗಾರದ ಬಣ್ಣದ ಹೂಬಳ್ಳಿ. ಮಧ್ಯಾಹ್ನ ಮೂರಕ್ಕೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹಜಾರದಲ್ಲಿ ಕೂರುತ್ತಿದ್ದರು. ಪಕ್ಕದ ಮನೆಯ ಲಲಿತಮ್ಮನಂತೂ ಹೊಲಿಸುವುದು ಏನೂ ಇಲ್ಲದಿದ್ದರೂ ಬರುತ್ತಿದ್ದರು. ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಹೂಂ ಎನ್ನುವ ಅಮ್ಮ ಹಜಾರದಲ್ಲಿ ಬೇರೆ ಹೆಂಗಸಾಗಿಬಿಡುತ್ತಿದ್ದಳು. ಕೊರಳಿಗೆ ಟೇಪು ಹಾಕಿಕೊಂಡು, “ಕೈ ಎತ್ರೀ, ಉಸಿರು ಹಿಡೀಬೇಡಿ, ಆಮೇಲೆ ಬಿಗಿ ಆಯ್ತು ಅಂತ ನನ್ನೇ ಬೈತೀರ,” ಎಂದು ತನಗಿಂತ ಹಿರಿಯರಿಗೂ ಅಪ್ಪಣೆ ಮಾಡುತ್ತಿದ್ದಳು. ಅವರು ಕೈ ಎತ್ತುತ್ತಿದ್ದರು. ಏನೇನೋ ಹೇಳಿಕೊಂಡು ನಗುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಅಜ್ಜಿ ನಡುಮನೆಯಿಂದ, “ಮನೆ ಅನ್ನೋದು ದರ್ಜಿ ಅಂಗಡಿ ಆಗೋಗಿದೆ,” ಎಂದು ಗೋಡೆಗೆ ಹೇಳುತ್ತಿದ್ದಳು. ಗೋಡೆಯ ಈಚೆಗೆ ಅದು ಕೇಳಿಸುತ್ತಿತ್ತು, ಅಮ್ಮ ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ತಮ್ಮ ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳ ಸೀಮಂತ ಮುಗಿಸಿ, ಅಮ್ಮ ಹೆರಿಗೆಗೆಂದು ತವರಿಗೆ ಹೊರಟಳು. ಮಲ್ಲೇಶ್ವರ ಏನು ದೂರ, ಬಸ್ಸಿನಲ್ಲಿ ಅರ್ಧ ಗಂಟೆ. ಆದರೂ ಹೋಗುವುದೆಂದರೆ ಹೋಗುವುದೇ. ಬಾಣಂತನ ಮುಗಿಸಿ, ಮಗುವಿಗೆ ಐದು ತಿಂಗಳು ತುಂಬುವವರೆಗೆ ಈ ಮನೆಯ ಹೊಸಿಲು ತುಳಿಯುವಂತಿಲ್ಲ. ನನಗೆ ಶಾಲೆಯಿದ್ದುದರಿಂದ ಅಪ್ಪ, ಅಜ್ಜಿಯ ಜೊತೆ ಉಳಿದೆ. ಹೊರಡುವ ದಿನ ಅಮ್ಮ ಮೆಷಿನ್ನಿಗೆ ಎಣ್ಣೆ ಬಿಟ್ಟು, ಮೇಲೊಂದು ಹಳೆಯ ಸೀರೆಯ ತುಂಡು ಹೊದಿಸಿ, ಅದರ ಡ್ರಾಯರಿನಲ್ಲಿ ಲಲಿತಮ್ಮನ ಅರ್ಧ ಹೊಲಿದ ರವಿಕೆಯನ್ನು ಮಡಚಿಟ್ಟಳು. ನನಗೆ, “ಮೆಷಿನ್ ಹತ್ರ ಹೋಗ್ಬೇಡ ಉಮಿ, ಸೂಜಿ ಬೆರಳೊಳಗೆ ಹೋದ್ರೆ ಮೂಳೆಗೇ ಹೋಗೋದು. ಮುಟ್ಟಬೇಡ,” ಎಂದಳು. ನಾನು ಹೇಳಿದ ಮಾತು ಕೇಳುವ ಮಗು. ಮುಟ್ಟಲಿಲ್ಲ.

ಗೀಟು ಬಿದ್ದದ್ದು ಯಾವಾಗ ಎಂಬುದು ನನಗೆ ಗೊತ್ತಿಲ್ಲ. ಅಮ್ಮ ಹೋದ ವಾರದಲ್ಲೇ ಇರಬೇಕು, ಇಲ್ಲದಿದ್ದರೆ ಲೆಕ್ಕ ಹೊಂದುವುದಿಲ್ಲ. ಸೀರೆಯ ತುಂಡು ಸರಿದಿತ್ತು, ಹೂಬಳ್ಳಿಯ ಮೇಲೆ ಅಡ್ಡಲಾಗಿ ಗೀಟು ಇತ್ತು. ಅದನ್ನು ನೋಡಿದ ತಕ್ಷಣ ನನಗೆ ಹೊಳೆದದ್ದು ಅನ್ಯಾಯವಲ್ಲ, ಹಕ್ಕಿ. ಇದು ಯಾವ ಹಕ್ಕಿಯಾಗಬಹುದು ಎಂಬ ಕುತೂಹಲ. ಬೆರಳಿಂದ ಒಂದು ಸಲ ಒರೆಸಿದ್ದರೆ ಮುಗಿಯುತ್ತಿತ್ತು. ಅಮ್ಮ ಮುಟ್ಟಬೇಡ ಎಂದಿದ್ದಾಳೆ ಎಂಬುದು ಆಗ ನನಗೆ ಬಹಳ ಅನುಕೂಲವಾಗಿ ನೆನಪಾಯಿತು. ಇನ್ನು ಅಜ್ಜಿ. ಅವಳು ಒರೆಸುಬಟ್ಟೆ ಹಿಡಿದು ಎಂದಿನಂತೆ ಸಂಜೆ ತಿರುಗುತ್ತಿದ್ದಳು. ಹಜಾರದಲ್ಲಿ ಬೆಂಚು ಮುಟ್ಟುತ್ತಿದ್ದಳು, ಗೋಡೆ ಗಡಿಯಾರದ ಕೆಳತುದಿ ಮುಟ್ಟುತ್ತಿದ್ದಳು, ಕಿಟಕಿಯ ಸರಳನ್ನೂ ಒರೆಸುತ್ತಿದ್ದಳು. ಮೆಷಿನ್ ದಾಟಿಕೊಂಡು ಒಳಗೆ ಹೋಗುತ್ತಿದ್ದಳು. ತೀರಿಹೋದವರ ಮನಸ್ಸಿನಲ್ಲಿ ಏನಿತ್ತೆಂದು ಬರೆಯುವ ಅಧಿಕಾರ ನನಗಿಲ್ಲ. ಅವಳ ಕೈ ಎಲ್ಲೆಲ್ಲಿಗೆ ಹೋಯಿತು, ಎಲ್ಲಿಗೆ ಹೋಗಲಿಲ್ಲ ಎಂಬುದನ್ನು ಬರೆಯಬಹುದು.

ತಮ್ಮ ಹುಟ್ಟಿದ. ಮಲ್ಲೇಶ್ವರದ ಮನೆಯಲ್ಲಿ ನಾಮಕರಣವಾಯಿತು. ಅಮ್ಮ ಮಲಗಿದ್ದದ್ದು ಒಳಗಿನ ಕತ್ತಲೆ ಕೋಣೆಯಲ್ಲಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸುತ್ತ ಸಾಂಬ್ರಾಣಿ ಹೊಗೆ. ಬಾಗಿಲಿಗೊಂದು ದಪ್ಪ ಪರದೆ. ಅವಳ ಸೇವೆಗೆ ತಂಗಿ ಪ್ರೇಮ, ನನ್ನ ಚಿಕ್ಕಮ್ಮ, ಆಗ ಹದಿನಾರರ ಹುಡುಗಿ, ಸದಾ ಅಲ್ಲೇ ಕೂತಿರುತ್ತಿದ್ದಳು. ಗಂಡಸರು ಆ ಪರದೆ ದಾಟುತ್ತಿರಲಿಲ್ಲ. ಅಪ್ಪ ಭಾನುವಾರಗಳಂದು ನನ್ನನ್ನು ಕರೆದುಕೊಂಡು ಬಂದಾಗಲೂ ಅಳಿಯನ ಮರ್ಯಾದೆಯಿಂದ ಹಜಾರದಲ್ಲೇ ಕೂತು, ಹೊರಗೆ ತಂದು ತೋರಿಸಿದ ಮಗುವನ್ನು ನೋಡಿ, ಕಾಫಿ ಕುಡಿದು ಏಳುತ್ತಿದ್ದರು. ನಾಮಕರಣ ಮುಗಿಸಿ ಬಂದ ಮಾರನೆಯ ದಿನ, ಅಪ್ಪ ಸ್ಕ್ರೂಡ್ರೈವರ್ ಹಿಡಿದು ಮೆಷಿನ್ನಿನ ಮುಂದೆ ಕೂತದ್ದನ್ನು ಕಂಡು ಅಜ್ಜಿ, “ಅವಳನ್ನ ಒಂದು ಮಾತು ಕೇಳ್ದೇನೋ?” ಎಂದಳು. ಆ ಪ್ರಶ್ನೆಯನ್ನು ಅವಳು ಕೇಳಿದಳು, ಅದನ್ನೂ ದಾಖಲಿಸಬೇಕು. “ಕೇಳಾಯ್ತವ್ವ. ಹೂಂ ಅಂದಿದಾಳೆ,” ಎಂದರು ಅಪ್ಪ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಅದನ್ನು ಕೇಳಿಸಿಕೊಂಡೆ. ಈ ಉತ್ತರವನ್ನೇ ಹಿಡಿದು ನಾನು ಮುಂದೆ ಅಪ್ಪನನ್ನು ಸುಳ್ಳನೆಂದು ತೀರ್ಮಾನಿಸಿದೆ. ಅವರು ಆ ಪರದೆಯ ಒಳಗೆ ಒಂದು ಸಲವೂ ಹೋಗಿರಲಿಲ್ಲ. ಹಾಗಾದರೆ ಕೇಳಿದ್ದು ಯಾವಾಗ? ಅಮ್ಮನಿಗೆ ಓದಲು ಕಾಗದ ಕೊಟ್ಟವರಿಲ್ಲ, ಕಣ್ಣಿಗೆ ಶ್ರಮವಾಗುತ್ತದೆಂದು ಬಾಣಂತಿಗೆ ಓದುವುದೇ ನಿಷೇಧ. ನನ್ನ ವಾದದಲ್ಲಿ ಎಲ್ಲೂ ತೂತಿರಲಿಲ್ಲ.

ಮೆಷಿನ್ನಿನ ಮೈಯನ್ನು ಗೋಣಿಯಲ್ಲಿ ಸುತ್ತಿ ಗ್ರಿಲ್ ಅಂಗಡಿಯ ಅನ್ವರಣ್ಣನ ಹತ್ತಿರ ಒಯ್ದಾಗ ನಾನೂ ಹೋಗಿದ್ದೆ. ಅಪ್ಪನ ಎಲ್ಲ ಹಕ್ಕಿಗಳನ್ನೂ ಬೆಸೆದುಕೊಟ್ಟವನು ಅವನೇ. ಚಕ್ರವನ್ನು ಒಂದು ಸಲ ತಿರುಗಿಸಿದ, ಅದು ಸದ್ದಿಲ್ಲದೆ ಸರಾಗ ತಿರುಗಿತು.

“ಸಾರ್, ಇದು ಓಡ್ತಿರೋ ಮೆಷಿನ್ನಲ್ವಾ?”

“ಮೂರು ತಿಂಗಳಿಂದ ನಿಂತಿದೆ ಅನ್ವರ್.”

“ಎಣ್ಣೆ ಇನ್ನೂ ಹಸಿ ಇದೆ ಸಾರ್. ಮೇಡಮ್ಮೋರಿಗೆ ಗೊತ್ತಾ?”

“ಗೊತ್ತು, ಗೊತ್ತು. ನೀನು ಕೆಲಸ ನೋಡು.”

“ಬೀ‌ಡು ಕಬ್ಬಿಣ ಸಾರ್, ವೆಲ್ಡಿಂಗ್ ಹಿಡಿಯಲ್ಲ. ತೂತು ಹೊಡೆದು ಬೋಲ್ಟೇ ಹಾಕ್ಬೇಕು. ಒಂದ್ಸಲ ಹೊಡೆದ್ರೆ ಮತ್ತೆ ಹೊಲಿಗೆಗೆ ಬರಲ್ಲ, ಮೊದಲೇ ಹೇಳಿದೀನಿ.”

ಅಪ್ಪ ಹೊಡೆ ಎಂದರು. ನಾಲ್ಕು ತೂತು. ಮೆಷಿನ್ನನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ದಪ್ಪ ಕಂಬ ಎದೆಯಾಯಿತು, ಬಾಗಿದ ತೋಳು ಕತ್ತಾಯಿತು, ಸೂಜಿ ಹಿಡಿಯುವ ತುದಿ ಕೊಕ್ಕು ಬಾಗಿಸಿದ ತಲೆಯಾಯಿತು. ಅಮ್ಮನ ಕೊಡೆಯ ಕಡ್ಡಿಗಳು ಎರಡು ಕಡೆ ಬಿಚ್ಚಿದ ರೆಕ್ಕೆಯಾದವು. ಶಾಲೆ ಬಿಟ್ಟು ಬಂದು ಸಂಜೆಗಳಲ್ಲಿ ಕಡ್ಡಿಗಳನ್ನು ಹಿಡಿದು ನಿಂತವಳು ನಾನು. “ಇನ್ನೂ ಸ್ವಲ್ಪ ಮೇಲೆತ್ತು ಉಮಿ, ಕೆರೆಯಲ್ಲಿ ನೋಡಿದ್ಯಲ್ಲ, ಹಂಗೆ,” ಎನ್ನುತ್ತಿದ್ದರು ಅಪ್ಪ. ನಾನು ಎತ್ತುತ್ತಿದ್ದೆ. ಅವರು ನನ್ನನ್ನು ದೊಡ್ಡವರಂತೆ ನಡೆಸಿಕೊಂಡದ್ದು ಆ ಎರಡು ವಾರ. ನನ್ನ ಬಾಲ್ಯದಲ್ಲಿ ಅಷ್ಟು ಸುಖದ ದಿನಗಳು ಬೇರೆ ಇಲ್ಲವೆಂಬುದನ್ನು ನಾನು ಯಾವ ದಿನಚರಿಯಲ್ಲೂ ಬರೆದಿಲ್ಲ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಹಕ್ಕಿ ನಿಜಕ್ಕೂ ಚೆನ್ನಾಗಿತ್ತು. ಈಗಲೂ ಅವರ ಹನ್ನೊಂದರಲ್ಲಿ ಅದೇ ಮೇಲು.

ಐದನೇ ತಿಂಗಳು ತುಂಬಿ ಅಮ್ಮ ಬಂದಳು. ಅಜ್ಜಿ ಬಾಗಿಲಲ್ಲಿ ಆರತಿ ಎತ್ತಿ, ದೃಷ್ಟಿ ತೆಗೆದು, ಬಲಗಾಲಿಟ್ಟು ಬಾ ಎಂದಳು. ಅಮ್ಮ ಮಗುವನ್ನೆತ್ತಿಕೊಂಡು ಹಜಾರಕ್ಕೆ ಕಾಲಿಟ್ಟಳು. ಕಿಟಕಿಯ ಪಕ್ಕ, ಅದೇ ಜಾಗದಲ್ಲಿ, ನೀರುಕಾಗೆ ರೆಕ್ಕೆ ಬಿಚ್ಚಿ ನಿಂತಿತ್ತು. ಅದರ ಎದೆಯ ಮೇಲಿನ ಬಂಗಾರದ ಹೂಬಳ್ಳಿಯನ್ನು ಅಪ್ಪ ಹಾಗೇ ಉಳಿಸಿದ್ದರು. ಅಮ್ಮ ನೋಡಿದಳು. ನನ್ನ ನೆನಪಿನಲ್ಲಿ ಬಹಳ ಹೊತ್ತು ನೋಡಿದಳು; ಮಗು ಅಳುತ್ತಿತ್ತೆಂದೂ ನೆನಪಿರುವುದರಿಂದ ಬಹಳ ಹೊತ್ತು ಆಗಿರಲಾರದು.

“ಡ್ರಾಯರಲ್ಲಿ ಲಲಿತಮ್ಮನ ರವಿಕೆ ಇತ್ತಲ್ಲ. ಅದೆಲ್ಲಿ?”

ಅಪ್ಪ ಗಾಬರಿಯಾಗಿ ಹುಡುಕಿ ತಂದುಕೊಟ್ಟರು. “ಹೆಂಗಿದೆ ಶಾಂತ?” ಎಂದು ಹಕ್ಕಿಯ ಕಡೆ ಕೈ ತೋರಿದರು.

“ಚೆನ್ನಾಗಿದೆ,” ಎಂದು ಅಮ್ಮ ಒಳಗೆ ಹೋದಳು.

ಆ ರವಿಕೆಯನ್ನು ಅವಳು ಅಡುಗೆಮನೆಯಲ್ಲಿ ಕೂತು, ಕೈಹೊಲಿಗೆಯಲ್ಲಿ, ಆರೇಳು ದಿನ ಹಿಡಿದು ಮುಗಿಸಿದಳು. ಮೆಷಿನ್ನಿನದೆನ್ನುವಷ್ಟು ಸಣ್ಣ ಹೊಲಿಗೆ. ಲಲಿತಮ್ಮನಿಗೆ ಕೊಟ್ಟು ಬಂದಳು. ಅದಾದ ಮೇಲೆ ಗುಂಡಿ ಹಾಕುವುದು ಬಿಟ್ಟರೆ ಏನನ್ನೂ ಹೊಲಿಯಲಿಲ್ಲ. ಅಪ್ಪ ಹೊಸ ಮೆಷಿನ್ನಿನ ಮಾತೆತ್ತಿದಾಗಲೆಲ್ಲ, “ಯಾಕೆ, ಅದಕ್ಕೂ ಒಂದು ಹಕ್ಕಿ ಗೊತ್ತು ಮಾಡಿದೀರಾ?” ಎನ್ನುತ್ತಿದ್ದಳು. ಬೀದಿಯ ಹೆಂಗಸರು ಒಂದೆರಡು ತಿಂಗಳು ಬಂದರು, ಹಕ್ಕಿಯ ಮುಂದೆ ಎಲ್ಲಿ ಕೂರುವುದೆಂದು ತಿಳಿಯದೆ ನಿಂತು ಮಾತಾಡಿ ಹೋದರು, ಆಮೇಲೆ ನಿಲ್ಲಿಸಿದರು. ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿ ಯಾವ ಸದ್ದೂ ಇಲ್ಲದಾಯಿತು. ಅಜ್ಜಿ ಸಾಯುವವರೆಗೂ ಸಂಜೆಯ ಒರೆಸುಬಟ್ಟೆ ಬಿಡಲಿಲ್ಲ. ಅವಳ ನಂತರ ಅದು ನನಗೆ ಬಂತು. ಎಂಟು ವರ್ಷದ ಸಂಸಾರ ಮುರಿದು ನಾನು ಗಂಡನ ಮನೆಯಿಂದ ಹೊರಟ ದಿನ ಅವರು ಹೇಳಿದ್ದೂ ಇದನ್ನೇ: “ನೀನು ಈ ಮನೇಲಿ ಬದುಕ್ತಿರ್ಲಿಲ್ಲ ಉಮಾ, ಕಾವಲು ಕಾಯ್ತಿದ್ದೆ.” ನನ್ನ ಪುಸ್ತಕ, ನನ್ನ ಲೋಟ, ನನ್ನ ಕುರ್ಚಿ ಎಂದು ದಿನವೂ ಒಂದು ಸುತ್ತು ಮುಟ್ಟಿ ಬರುವವಳ ಜೊತೆ ಯಾರು ತಾನೇ ಇರುತ್ತಾರೆ.

ಕಾಗದ ಬಂದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. “ಸೈನ್ ಹಾಕಕ್ಕಾ, ಒಂದು ಪದಕ್ಕೆ ಯಾಕಿಷ್ಟು?” ಎಂದ. ಅವನು ಹುಟ್ಟಿದ್ದಕ್ಕೇ ಮೆಷಿನ್ ಹೋದದ್ದೆಂದು ಅವನಿಗೆ ಹೇಳುವುದು ಸರಿಯಲ್ಲ. ನಾನು ‘ಎಸೆದ’ ಎಂಬ ಆ ಪದ ಹೊಡೆದು ಹಾಕಿ ‘ಪತ್ನಿಯನ್ನು ಕೇಳದೆ ತೆಗೆದುಕೊಂಡ ಹೊಲಿಗೆ ಯಂತ್ರ’ ಎಂದು ಬರೆಯಬೇಕೆಂದಿದ್ದೆ. ಸತ್ತವರ ಮೇಲೆ ಬರೆಯುವ ಮಾತು, ಅದಕ್ಕೊಂದು ಸಾಕ್ಷಿ ಇರಲಿ ಎಂದು ಪ್ರೇಮ ಚಿಕ್ಕಮ್ಮನ ಮನೆಗೆ ಹೋದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಹತ್ತಿರದ, ಅಮ್ಮನ ತವರಾಗಿದ್ದ ಆ ಹಳೆಯ ಮನೆ ಈಗಿಲ್ಲ, ಅದೇ ಜಾಗದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಅವಳಿದ್ದಾಳೆ. ನೆನೆಸಿದ ಅವರೆಕಾಳು ಹಿಚುಕುತ್ತ ಕೂತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ.

“ಚಿಕ್ಕಮ್ಮ, ಬಾಣಂತನದಲ್ಲಿ ಅಪ್ಪ ಒಂದ್ಸಲಾನೂ ಒಳಗೆ ಬಂದಿರ್ಲಿಲ್ಲ ಅಲ್ವಾ?”

“ಭಾವನಾ? ಎಲ್ಲಿ ಬರ್ತಾರೆ. ನಮ್ಮಮ್ಮ ಬಾಗಿಲಲ್ಲೇ ಕೂತಿರ್ತಿದ್ಲು, ಪೊಲೀಸ್ ಥರ.”

“ಹಂಗಾದ್ರೆ ಮೆಷಿನ್ ವಿಷಯ ಅಮ್ಮನ್ನ ಕೇಳಿದೀನಿ ಅಂದಿದ್ದು ಸುಳ್ಳು ತಾನೇ?”

ಅವಳು ನನ್ನನ್ನು ನೋಡಿದಳು. ತಮಾಷೆ ಮಾಡುತ್ತಿದ್ದೇನೆಯೇ ಎಂದು ಪರೀಕ್ಷಿಸುವ ನೋಟ.

“ಸುಳ್ಯಾಕೆ ಆಗತ್ತೆ? ನಿನ್ನ ಕಳಿಸಿದ್ರಲ್ಲ.”

“ನನ್ನನ್ನಾ?”

“ಹೂಂ ಮತ್ತೆ. ನಾಮಕರಣದ ದಿನ. ಹಸಿರು ಲಂಗ ಹಾಕ್ಕೊಂಡಿದ್ದೆ, ಓಡಾಡಿ ಓಡಾಡಿ ಅಂಚು ಹರ್ಕೊಂಡಿದ್ದೆ. ‘ಮೆಷಿನ್ ತಗೋಬಹುದಾ ಅಂತ ಅಮ್ಮನ್ನ ಕೇಳ್ಕೊಂಡ್ ಬಾ’ ಅಂತ ಭಾವ ಹಜಾರದಲ್ಲಿ ಅಂದಿದ್ದು ಪರದೆ ಹಿಂದೆ ನನಗೇ ಕೇಳಿಸ್ತು. ನೀನು ಒಳಗೆ ಬಂದೆ. ಆಮೇಲೆ ಆಚೆ ಹೋಗಿ, ‘ಅಮ್ಮ ಹೂಂ ಅಂದ್ಲು’ ಅಂತ ಕೂಗ್ದೆ. ಎಲ್ರಿಗೂ ಕೇಳೋ ಹಂಗೆ.”

ಹಸಿರು ಲಂಗ ನೆನಪಿದೆ. ಹರಿದ ಅಂಚಿಗೆ ಅಜ್ಜಿ ಬೈದದ್ದು ನೆನಪಿದೆ. ಪರದೆಯ ಒರಟು ಬಟ್ಟೆ ಕೆನ್ನೆಗೆ ತಾಗಿದ್ದು ಸಹ ಈಗ ನೆನಪಾಗುತ್ತಿದೆ, ಆದರೆ ಇದು ಅವಳು ಹೇಳಿದ ಮೇಲೆ ನಾನು ಸೇರಿಸಿಕೊಂಡದ್ದೂ ಇರಬಹುದು. ಒಳಗೆ ನಡೆದದ್ದು ಏನೂ ನೆನಪಿಲ್ಲ. ಅಪ್ಪ ಸುಳ್ಳು ಹೇಳಿರಲಿಲ್ಲ. ಅಷ್ಟು ವರ್ಷ ನಾನು ಅವರೊಂದಿಗೆ ಮುಖ ಕೊಟ್ಟು ಮಾತಾಡದೆ ಇದ್ದದ್ದನ್ನು, ಕೊನೆಯ ಕಾಯಿಲೆಯಲ್ಲಿ ಅವರು ಎರಡು ಸಲ “ನನ್ನ ಮೇಲೆ ಯಾಕಮ್ಮ ಕೋಪ” ಎಂದಾಗಲೂ ಔಷಧಿ ಕೊಟ್ಟು ಎದ್ದು ಹೋದದ್ದನ್ನು ಎಲ್ಲಿಡಲಿ? ಬಾಣಂತಿಯರು ಹಗಲೆಲ್ಲ ನಿದ್ದೆ ಮಾಡುತ್ತಾರೆ. ಆ ಕೋಣೆಗೆ ಬಂದ ಎಂಟು ವರ್ಷದ ಹುಡುಗಿಗೆ ಅಮ್ಮನ ಉತ್ತರಕ್ಕಿಂತ ಹಕ್ಕಿ ಹೆಚ್ಚು ಬೇಕಾಗಿತ್ತು. ಅಮ್ಮ ನಿಜವಾಗಿಯೂ ಹೂಂ ಎಂದಿದ್ದರೆ, ಆಮೇಲೆ ಅವಳು ಹೊತ್ತು ನಡೆದ ಆ ಮೌನ ಯಾರ ಮೇಲಿನದು? ಎಂದಿರದಿದ್ದರೆ, ನನ್ನ ಬಾಯಿಂದ ಹೊರಟ ಹೂಂ ತನ್ನದೆಂಬಂತೆ ಅವಳು ಯಾಕೆ ಸುಮ್ಮನಿದ್ದಳು?

ಆ ದಿನ ಒಳಗೆ ಏನು ನಡೆಯಿತೆಂದು ಚಿಕ್ಕಮ್ಮನನ್ನು ಕೇಳಿದೆ. ಅವಳು ಎದ್ದು ಅವರೆಬೇಳೆಯನ್ನು ತೊಳೆಯಲು ಒಳಗೆ ಹೋದಳು, ನಲ್ಲಿಯನ್ನು ಬಹಳ ಹೊತ್ತು ಬಿಟ್ಟಳು, ಬಂದು ನನಗೊಂದು ಡಬ್ಬಿಯಲ್ಲಿ ಬೇಳೆ ಹಾಕಿಕೊಟ್ಟು, “ನಾಳೇನೇ ಸಾರು ಮಾಡ್ಬಿಡು, ಇಟ್ರೆ ಹುಳಿಯಾಗತ್ತೆ,” ಎಂದಳು. ಆಮೇಲೆ ಎರಡು ಸಲ ಫೋನ್ ಮಾಡಿದ್ದೇನೆ. ಮಂಡಿ ನೋವಿನ ಬಗ್ಗೆ ಹೇಳುತ್ತಾಳೆ, ಲಿಫ್ಟ್ ಕೆಟ್ಟಿರುವುದನ್ನು ಹೇಳುತ್ತಾಳೆ. ನಾನು ಮತ್ತೆ ಅದನ್ನೇ ಕೇಳಿದರೆ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಫೋನ್ ಇಟ್ಟುಬಿಡುತ್ತಾಳೆ. ಕಲಾಶಾಲೆಯ ಹುಡುಗಿ ಸೋಮವಾರ ಕಾಗದಕ್ಕೆ ಬರುತ್ತಾಳಂತೆ. ನಿನ್ನೆ ಮೂರನೆಯ ಸಲ ಫೋನ್ ಮಾಡಿದೆ. ಸುತ್ತಿ ಬಳಸದೆ ಕೇಳಿದೆ.

“ಚಿಕ್ಕಮ್ಮ, ನೀನು ಅಲ್ಲೇ ಕೂತಿದ್ದೆ. ನಾನು ಒಳಗೆ ಬಂದಾಗ ಅಮ್ಮ ಎಚ್ಚರ ಇದ್ಲಾ? ನಾನು ಅವಳನ್ನ ಕೇಳಿದ್ನಾ?”